ನಾಲ್ಕು ಜೇಬಿನವರ ಹಡಗು

ಎಗ್ಮೋರ್

ಚೀನಾಕ್ಕೆ ಹೋಗಿ ಬಂದವರೆಲ್ಲ ಮಹಾಗೋಡೆಯ ಬಗ್ಗೆ ಬರೆಯುತ್ತಾರೆ. ನಾನೂ ನೋಡಿದೆ. ಉದ್ದವಾಗಿದೆ. ಅದರ ಬಗ್ಗೆ ನನ್ನ ಮಾತು ಇಷ್ಟೇ. ನಾನು ಹೇಳಹೊರಟಿರುವುದು ಹಳದಿ ಸಮುದ್ರದ ದಡದಲ್ಲಿ ಕಟ್ಟಿ ನಿಲ್ಲಿಸಿದ್ದ ಒಂದು ಯುದ್ಧದ ಹಡಗಿನ ಬಗ್ಗೆ, ಮತ್ತು ಅದನ್ನು ಹತ್ತಿ ಇಳಿಯುವಷ್ಟರಲ್ಲಿ ನನ್ನ ಕೈತಪ್ಪಿ ಹೋದ ಒಂದು ಭಾಷಣದ ಬಗ್ಗೆ. ಆ ಭಾಷಣ ಯಾರ ಪಾಲಾಯಿತೋ ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾಕ್ಷಿಯ ಮನಸ್ಸು ಯಾವ ಕಡೆ ವಾಲಿದೆ ಎಂದು ಗೊತ್ತಿದ್ದರೆ ತೀರ್ಪು ಕೊಡುವವರಿಗೆ ಅನುಕೂಲ.

ಅವನ ಹೆಸರು ವಾಸುದೇವ. ಎಗ್ಮೋರ್ ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ ಅವರಪ್ಪನ ಹೋಟೆಲು. ಕುಂದಾಪುರದ ಕಡೆಯವರು. ನಾವು ಧಾರವಾಡದವರು, ಅಪ್ಪ ರೈಲ್ವೆಯಲ್ಲಿದ್ದಾರೆ, ಮದ್ರಾಸಿಗೆ ಬಂದು ಇಪ್ಪತ್ತು ವರ್ಷವಾದರೂ ಮನೆಯಲ್ಲಿ ಇನ್ನೂ "ಯಾಕ್ರೀ, ಹ್ಯಾಂಗ್ರೀ" ನಡೆಯುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ವಾಸು ಮತ್ತು ನಾನು ಒಂದೇ ಜೋಡಿ. ವಾದ ಆರಂಭಿಸುವವಳು ನಾನು, ಎದುರಾಳಿಗಳ ಮಾತನ್ನು ಕತ್ತರಿಸಿ ಮುಗಿಸುವವನು ಅವನು. ತಮಿಳು ಹುಡುಗರ ನಡುವೆ ಕೂತು ನಾವಿಬ್ಬರು ಕನ್ನಡದಲ್ಲಿ ಪಿಸುಗುಟ್ಟಿದರೆ ಅದು ಗುಪ್ತ ಸಂಕೇತದಷ್ಟೇ ಭದ್ರ.

ಆದರೆ ಆ ಸಂಕೇತ ನಮ್ಮಿಬ್ಬರ ನಡುವೆಯೇ ಕೆಲವು ಸಲ ಕೆಟ್ಟುಹೋಗುತ್ತಿತ್ತು. ಒಂದು ಅಂತಿಮ ಸ್ಪರ್ಧೆಯ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಸಿಕ್ಕ ವಾಸು "ನಂಗೆ ಜ್ವರ ಇತ್ತ್" ಅಂದ. ಜ್ವರ ಇತ್ತು, ಈಗ ಇಲ್ಲ ಎಂದು ನನ್ನ ಧಾರವಾಡದ ಕಿವಿ ಕೇಳಿಸಿಕೊಂಡಿತು. "ಇತ್ತಂದ್ರ ಹೋತಲ್ಲ, ನಡಿ ನಡಿ" ಎಂದು ಬಸ್ಸಿಗೆ ದೂಡಿದೆ. ಕುಂದಾಪುರದವರ ಬಾಯಲ್ಲಿ "ಇತ್ತ್" ಅಂದರೆ "ಇದೆ" ಎಂದು ಗೊತ್ತಾದದ್ದು ಸಂಜೆ, ಅವನು ಎದುರಾಳಿಗಳನ್ನು ನುಣ್ಣಗೆ ಅರೆದು, ಕಪ್ಪು ಹಿಡಿದುಕೊಂಡೇ ವೇದಿಕೆಯ ಮೇಲೆ ಕುಸಿದಾಗ.

ಆ ದಿನದ ವಿಷಯ, ಹಿಂದೂ ಮಹಾಸಾಗರ ಶಾಂತಿಯ ವಲಯವಾಗಬೇಕೇ ಎಂಬುದು. ಅದಕ್ಕಾಗಿ ನಾನು ಲೈಬ್ರರಿಯಲ್ಲಿ ಕೂತು ಯಾವ ಯಾವ ದೇಶದ ನೌಕಾಸೇನೆ ಹೇಗಿದೆ ಎಂದು ಚೀಟಿಗಳಲ್ಲಿ ಬರೆದುಕೊಂಡಿದ್ದೆ. ಆ ಗೆಲುವಿನ ಬಲದ ಮೇಲೆಯೇ, ಮದ್ರಾಸಿನ ಒಂದು ಸ್ನೇಹಸಂಘದವರು ಚೀನಾಕ್ಕೆ ಕಳಿಸಲಿದ್ದ ಆರು ವಿದ್ಯಾರ್ಥಿಗಳಲ್ಲಿ ನಮ್ಮಿಬ್ಬರನ್ನೂ ಸೇರಿಸಿಕೊಂಡರು. ಹೋದ ವರ್ಷದ ಮಾತು, ಎಂಬತ್ತರ ದಶಕದ ಶುರು. ಎರಡು ದೇಶಗಳೂ ಮತ್ತೆ ಮಾತಾಡಲು ಆರಂಭಿಸಿದ್ದ ಕಾಲ. ಆದರೂ ನಮ್ಮ ಪಕ್ಕದ ಮನೆಯ ಮಾಮಿ, ಅರವತ್ತೆರಡರ ಯುದ್ಧವನ್ನು ಮರೆಯದವರು, ಅಲ್ಲಿ ಏನು ಕೊಟ್ಟರೂ ತಿನ್ನಬೇಡ ಎಂದು ಎಚ್ಚರಿಸಿ ಒಂದು ಡಬ್ಬಿ ಮುರುಕು ಕಟ್ಟಿಕೊಟ್ಟರು.

ನಮ್ಮ ತಂಡದ ಮುಖ್ಯಸ್ಥರು ಒಬ್ಬ ನಿವೃತ್ತ ಪ್ರಿನ್ಸಿಪಾಲರು. ಎಲ್ಲರೂ ಅವರನ್ನು ಸಾರ್ ಎನ್ನುತ್ತಿದ್ದೆವು. ವಾಸುವಿನ ಹೋಟೆಲಿನಲ್ಲೇ ಕಾಫಿ ಕುಡಿಯುತ್ತ ಸಾರ್ ಹೇಳಿದರು: ಪ್ರವಾಸದ ಕೊನೆಯ ಊರು ಚಿಂಗ್‌ಡಾವ್, ಅಲ್ಲಿ ಬೀಳ್ಕೊಡುಗೆಯ ಊಟ, ನಮ್ಮ ಪರವಾಗಿ ಒಬ್ಬರು ಮಾತಾಡಬೇಕು, ಶ್ಯಾಮಲಾ, ಅಂದರೆ ನಾನು, ಮಾತಾಡಲಿ, ಮುಂದೆ ನೋಡೋಣ. "ಮುಂದೆ ನೋಡೋಣ" ಎಂಬುದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ಬೆಸೆಂಟ್ ನಗರದ ಬೀಚಿನಲ್ಲಿ ಸಮುದ್ರಕ್ಕೆ ಮುಖಮಾಡಿ ದಿನವೂ ಆ ಭಾಷಣ ಒಪ್ಪಿಸಿದೆ. ಸುಂಡಲ್ ಮಾರುವವನು ನನ್ನಿಂದ ದೂರ ಹೋಗಿ ಕೂರತೊಡಗಿದ.

ಸೌಕಾರ್‌ಪೇಟೆಯಲ್ಲಿ ಅರ್ಧ ದಿನ ಅಲೆದು ಜರಿಯಂಚಿನ ಒಂದು ಶಾಲು ಕೊಂಡೆ. ಅಲ್ಲಿಯ ಯಾರಾದರೂ ದೊಡ್ಡವರಿಗೆ ಹೊದಿಸಲಿಕ್ಕೆ. ವಾಸು ಕಾಫಿಪುಡಿ ಮತ್ತು ಅವರಮ್ಮನ ಹಿತ್ತಾಳೆಯ ಫಿಲ್ಟರು ಕಟ್ಟಿಕೊಂಡ. ಪರದೇಶಕ್ಕೆ ಪಾತ್ರೆ ಹೊರುತ್ತಾನಲ್ಲ ಎಂದು ನಾನು ನಕ್ಕಿದ್ದೆ.

ಪೀಕಿಂಗ್

ಚೀನಾದಲ್ಲಿ ಯಾವುದನ್ನೂ ನೇರವಾಗಿ ನೋಡುವ ಹಾಗಿಲ್ಲ. ಮೊದಲು ಕಿರುಪರಿಚಯ. ಕಾರ್ಖಾನೆಯಾಗಲಿ, ಶಿಶುವಿಹಾರವಾಗಲಿ, ಬಾತುಕೋಳಿ ಸಾಕುವ ಜಾಗವಾಗಲಿ, ಒಂದು ಕೋಣೆಗೆ ಕರೆದೊಯ್ಯುತ್ತಾರೆ. ಸೋಫಾಗಳ ಬೆನ್ನಿಗೆ ಬಿಳಿ ಕಸೂತಿಯ ಬಟ್ಟೆ, ಮುಂದೆ ಮುಚ್ಚಳವಿರುವ ದೊಡ್ಡ ಕಪ್ಪುಗಳು, ಪಕ್ಕದಲ್ಲಿ ಹೂವಿನ ಚಿತ್ರದ ಥರ್ಮಾಸ್ ಫ್ಲಾಸ್ಕು. ಒಬ್ಬರು ಎದ್ದು ಕಿರುಪರಿಚಯ ಕೊಡುತ್ತಾರೆ. ಅದು ಮುಗಿಯುವಷ್ಟರಲ್ಲಿ ನಾಲ್ಕು ಸಲ ಬಿಸಿನೀರು ತುಂಬಿರುತ್ತಾರೆ. ನಾವು ಚಪ್ಪಾಳೆ ತಟ್ಟಿದರೆ ಅವರೂ ತಿರುಗಿ ನಮಗೆ ಚಪ್ಪಾಳೆ ತಟ್ಟುತ್ತಾರೆ. ಯಾರು ಮೊದಲು ನಿಲ್ಲಿಸಬೇಕೋ ತಿಳಿಯದೆ ನಾನು ಒಂದು ಕಡೆ ಅಂಗೈ ಕೆಂಪಾಗುವ ತನಕ ತಟ್ಟಿದೆ.

ನಮ್ಮ ದುಭಾಷಿ ಲಿನ್ ಎಂಬ ಹುಡುಗಿ, ನಮಗಿಂತ ಎರಡು ಮೂರು ವರ್ಷ ದೊಡ್ಡವಳು. ಅವಳ ಇಂಗ್ಲಿಷು ಹಳೆಯ ಪಠ್ಯಪುಸ್ತಕದ ಹಾಗೆ ಶುಭ್ರ. ನಾನು ಮದ್ರಾಸಿನಲ್ಲೇ ಒಂದು ಪುಸ್ತಕ ಹಿಡಿದು ಚೀನೀ ಭಾಷೆಯ ಹನ್ನೆರಡು ವಾಕ್ಯ ಕಲಿತು ಹೋಗಿದ್ದೆ, ದನಿಯ ಏರಿಳಿತದ ಸಮೇತ. ಆಡಿದರೆ ಜನ ನನ್ನನ್ನು ಮರುಕದಿಂದ ನೋಡಿ ಲಿನ್ ಕಡೆ ತಿರುಗುತ್ತಿದ್ದರು. ವಾಸು ಕಲಿತದ್ದು ಒಂದೇ ಮಾತು, ಊಟ ಚೆನ್ನಾಗಿದೆ ಎಂಬುದು. ಅದೂ ಕುಂದಾಪುರದ ರಾಗದಲ್ಲಿ. ಅದನ್ನವನು ಅಡುಗೆಮನೆಯ ಬಾಗಿಲಿಗೇ ಹೋಗಿ ಹೇಳಿ ಬರುತ್ತಿದ್ದ. ಒಳಗಿಂದ ನಗು, ಇನ್ನೊಂದು ತಟ್ಟೆ ಸೊಪ್ಪು, ಸಸ್ಯಾಹಾರಿ ಹುಡುಗನಿಗೆಂದು ಬೇರೆಯಾಗಿ ಮಾಡಿದ ತೋಫು. ನನಗೂ ಅದೇ ತೋಫು ಬರುತ್ತಿತ್ತು, ಅವನ ಜೊತೆಗಿದ್ದವಳು ಎಂಬ ಕಾರಣಕ್ಕೆ. ಮೂರನೆಯ ದಿನ ಅವನು ಲಿನ್‌ಳನ್ನು "ಅಕ್ಕ" ಎಂದು ಕರೆಯತೊಡಗಿದ. ಅರ್ಥ ಕೇಳಿ ತಿಳಿದುಕೊಂಡ ಅವಳು ಆಮೇಲೆ ಆ ಹೆಸರಿಗೇ ಓಗೊಡುತ್ತಿದ್ದಳು.

ನಾನು ಅಕ್ಕ ಅಂದಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ನನಗೆ ಹೊಳೆಯಲಿಲ್ಲ, ಅಷ್ಟೆ. ಹೊಟ್ಟೆಕಿಚ್ಚಿನ ಬೇರು ಇಂಥ ಸಣ್ಣ ಜಾಗದಲ್ಲೇ ಇಳಿಯುವುದು.

ಚಿಂಗ್‌ಡಾವ್, ಕಡಲ ದಂಡೆ

ಚಿಂಗ್‌ಡಾವ್ ಸಮುದ್ರದ ಕಡೆಗೆ ಇಳಿಜಾರಾಗಿ ಕೂತ ಊರು. ಹಿಂದೆ ಜರ್ಮನರು ಕಟ್ಟಿಹೋದ ಕೆಂಪು ಹೆಂಚಿನ ಮನೆಗಳು, ನಡುವೆ ಅಕೇಶಿಯಾ ಮರಗಳು. ಬೀಚಿನಲ್ಲಿ ಅಜ್ಜಿಯರು ಈಜುತ್ತಾರೆ. ತಲೆಗೆ ರಬ್ಬರಿನ ಟೋಪಿ ಹಾಕಿಕೊಂಡು, ಮೊಮ್ಮಕ್ಕಳನ್ನು ದಡದಲ್ಲಿ ಕೂರಿಸಿ, ತಾವು ಆಳಕ್ಕೆ ಹೋಗುತ್ತಾರೆ. ಮದ್ರಾಸಿನಲ್ಲಿ ನಾವು ಇಪ್ಪತ್ತು ವರ್ಷದಿಂದ ಸಮುದ್ರದ ಮುಂದೆ ಸೀರೆಯ ಅಂಚು ನೆನೆಯದ ಹಾಗೆ ಎತ್ತಿ ಹಿಡಿದು ನಿಂತಿದ್ದೇವೆ. ನನ್ನಮ್ಮ ಬೆಸೆಂಟ್ ನಗರದಲ್ಲಿ ಪಾದದ ಗಂಟು ದಾಟಿ ನೀರಿಗಿಳಿದದ್ದು ನಾನು ಕಂಡಿಲ್ಲ. ಆ ಅಜ್ಜಿಯರನ್ನು ನೋಡಿ ಒಂದು ಇಡೀ ದೇಶದ ಮೇಲೆ ನನಗೆ ಹೊಟ್ಟೆ ಉರಿಯಿತು. ಇದು ವಾಸುವಿಗೆ ಸಂಬಂಧಪಡದ ಉರಿ, ಲೆಕ್ಕಕ್ಕೆ ಬೇರೆ.

ದೂರದಲ್ಲಿ ಬೂದುಬಣ್ಣದ ಹಡಗುಗಳು ಸಾಲಾಗಿ ನಿಂತಿದ್ದವು. ಚೀನಾದ ಉದ್ದ ಕಡಲತೀರವನ್ನು ಮೂರು ಪಾಲು ಮಾಡಿ ಮೂರು ನೌಕಾಪಡೆಗಳಿಗೆ ವಹಿಸಿದ್ದಾರೆ ಎಂದು ನನ್ನ ಚೀಟಿಗಳಲ್ಲಿತ್ತು. ಉತ್ತರದ ಸಮುದ್ರದ ಪಡೆಗೆ ಚಿಂಗ್‌ಡಾವ್ ಕೇಂದ್ರ. ರಾಜಧಾನಿಗೆ ಕಡಲಿನಿಂದ ಬರುವ ದಾರಿಯ ಬಾಗಿಲು ಕಾಯುವವರು ಇವರು. ನಮ್ಮ ಚರ್ಚೆಯ ವಿಷಯ ಅರ್ಜಿಯಲ್ಲಿ ಬರೆದಿದ್ದರಿಂದ, ನಮಗೆ ಮರುದಿನ ಒಂದು ಹಡಗನ್ನು ತೋರಿಸುವ ವ್ಯವಸ್ಥೆಯಾಗಿತ್ತು. ಕ್ಯಾಮೆರಾ ತರಬಾರದು, ಮೇಲಿನ ಅಟ್ಟ, ಅಂದರೆ ಡೆಕ್ಕು, ಬಿಟ್ಟು ಕೆಳಗಿಳಿಯಬಾರದು.

ದಂಡೆಯ ಮೇಲೆ ನಾನು ಲಿನ್‌ಳನ್ನು ಪಾಟೀಸವಾಲಿಗೆ ಒಳಪಡಿಸಿದೆ. ಅಧಿಕಾರಿಗಳ ಭುಜದ ಮೇಲೆ ಪಟ್ಟಿ ಕಾಣುವುದಿಲ್ಲವಲ್ಲ, ದೊಡ್ಡವರು ಚಿಕ್ಕವರು ತಿಳಿಯುವುದು ಹೇಗೆ? ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ಪದವಿಗಳನ್ನು ತೆಗೆದುಹಾಕಿದ್ದಾರೆ, ಎಲ್ಲರೂ ಸಂಗಾತಿಗಳೇ ಎಂದಳು. ಟೋಪಿಗೆ ಅದೇ ಕೆಂಪು ನಕ್ಷತ್ರ, ಕಾಲರಿಗೆ ಅದೇ ಕೆಂಪು ಪಟ್ಟಿ. ನಾನು ಬಿಡಲಿಲ್ಲ. ಕೊನೆಗೆ ಅವಳು ದನಿ ತಗ್ಗಿಸಿ, ಅಧಿಕಾರಿಯ ಅಂಗಿಗೆ ನಾಲ್ಕು ಜೇಬು, ನಾವಿಕನ ಅಂಗಿಗೆ ಇಲ್ಲ ಎಂದು ಒಪ್ಪಿಕೊಂಡಳು. ಸಮಾನತೆ ಎಲ್ಲಿ ಮುಗಿಯುತ್ತದೆ ಎಂಬುದು ಸಿಕ್ಕಿತು ಎಂಬ ಖುಷಿಯಲ್ಲಿ ನಾನು ಅದನ್ನು ಬರೆದುಕೊಂಡೆ. ನಾಲ್ಕು ಜೇಬಿನವರು ಐದಾರು ಜನ ಒಟ್ಟಿಗೆ ನಿಂತರೆ ಅವರಲ್ಲಿ ಯಾರು ಯಾರು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಹಡಗುಕಟ್ಟೆ

ಕಟ್ಟೆಯ ಮೇಲೆ ಒಂದು ಉದ್ದನೆಯ ಕೋಣೆ. ಅದೇ ಸೋಫಾ, ಅದೇ ಕಸೂತಿ, ಅದೇ ಮುಚ್ಚಳದ ಕಪ್ಪುಗಳು. ಗೋಡೆಗೆ ಒರಗಿ ಇಬ್ಬರು ನಾವಿಕರು. ಒಳಗೆ ನಾಲ್ಕು ಜೇಬಿನವರು ಐದು ಜನ. ಅವರಲ್ಲೊಬ್ಬ ಎತ್ತರದ ಆಳು, ಕಿವಿಯ ಬಳಿ ನರೆತ ಕೂದಲು, ಕೈ ಹಿಂದಕ್ಕೆ ಕಟ್ಟಿ ನಿಂತ ನಿಲುವು. ಇನ್ನೊಬ್ಬ ಗಿಡ್ಡ, ಓದುವ ಹುಡುಗನ ಹಾಗಿದ್ದ. ಮತ್ತೊಬ್ಬ ಮುದುಕ, ಥರ್ಮಾಸ್ ಹಿಡಿದು ಬಗ್ಗಿ ಬಗ್ಗಿ ಎಲ್ಲರ ಕಪ್ಪಿಗೂ ನೀರು ಹಾಕುತ್ತಿದ್ದ.

ನಾನು ಕಾಯಲಿಲ್ಲ. ಆರಂಭಿಸುವವಳು ನಾನು. ನೇರ ಎತ್ತರದವನ ಬಳಿ ಹೋಗಿ, ಕಂಠಪಾಠ ಮಾಡಿದ ಚೀನೀ ವಾಕ್ಯದಲ್ಲಿ "ಗೌರವಾನ್ವಿತ ಕಮಾಂಡರೇ" ಎಂದು ಕರೆದು, ಜರಿಯಂಚಿನ ಶಾಲನ್ನು ಬಿಚ್ಚಿ ಅವನ ಹೆಗಲಿಗೆ ಹೊದಿಸಿ ಕೈಮುಗಿದೆ. ಇಡೀ ಪ್ರವಾಸದಲ್ಲಿ ನನ್ನ ಚೀನೀ ಭಾಷೆ ಒಬ್ಬರಿಗೆ ಅರ್ಥವಾದದ್ದು ಅದೊಂದೇ ಸಲ. ಆತ ಏನೋ ಸಣ್ಣಗೆ ಹೇಳಿದ. ಲಿನ್ ನೆಲ ನೋಡುತ್ತ ಅನುವಾದಿಸಿದಳು: ತಾನು ಹಡಗಿನ ಡಾಕ್ಟರು.

ಆ ಹೊತ್ತಿಗೆ ವಾಸು ಎಲ್ಲಿದ್ದ? ಥರ್ಮಾಸ್ ಹಿಡಿದ ಮುದುಕನ ಮುಂದೆ. ಎರಡೂ ಕೈಯಿಂದ ಕಪ್ಪು ತೆಗೆದುಕೊಂಡು, ತಲೆ ಬಾಗಿಸಿ, "ನಮಸ್ಕಾರ" ಎಂದು ಕನ್ನಡದಲ್ಲೇ ಹೇಳಿ ನಿಂತಿದ್ದ. ಆ ಮುದುಕನೇ ಹಡಗಿನ ಜೆಂಗ್‌ವೇ. ಅಂದರೆ ರಾಜಕೀಯ ಅಧಿಕಾರಿ, ಪಕ್ಷದ ಕಡೆಯಿಂದ ಹಡಗಿನ ಹೊಣೆ ಹೊತ್ತವರು. ಓದುವ ಹುಡುಗನ ಹಾಗಿದ್ದ ಗಿಡ್ಡನೇ ಕ್ಯಾಪ್ಟನ್.

ಶಾಲು ಹೊದಿಸಿದ ಮೇಲೆ ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ. ತೆಗೆದಿಡಬಹುದು ಎಂದು ಆ ಡಾಕ್ಟರಿಗೂ ತಿಳಿಯಲಿಲ್ಲ. ಮುಂದಿನ ಒಂದು ಗಂಟೆ ಅವರು ಬೆವರುತ್ತ, ಹೆಗಲ ಮೇಲೆ ಸೌಕಾರ್‌ಪೇಟೆಯ ಜರಿ ಹೊತ್ತು, ಮದುವೆಮನೆಯ ಬೀಗರ ಹಾಗೆ ಕೂತಿದ್ದರು. ಪಕ್ಕಕ್ಕೆ ಬಂದ ವಾಸುವನ್ನು ಕೇಳಿದೆ: "ನಿನಗ ಹ್ಯಾಂಗ ಗೊತ್ತಾತು?"

"ಸಪ್ಲೈಯರ್‌ಗಳು ಗೋಡೆಗೆ ಒರಗಿ ನಿಂತಿರುವಾಗ ತಾನೇ ನೀರು ತಂದು ಕೊಡುವವ ಯಾರು ಮಾರಾಯ್ತಿ? ಯಜಮಾನ. ನಮ್ಮಪ್ಪಯ್ಯ ದಿನಾ ಮಾಡುದು ಅದೇ ಅಲ್ದಾ?"

ಅಷ್ಟು ಸರಳ. ನಾನು ಚೀಟಿಗಳಲ್ಲಿ ಹುಡುಕಿದ್ದು ಅವನ ಮನೆಯಲ್ಲಿ ದಿನಾ ನೀರಿನ ಜಗ್ಗು ಹಿಡಿದು ಓಡಾಡುತ್ತಿತ್ತು.

ಜೆಂಗ್‌ವೇ ಕಿರುಪರಿಚಯ ಆರಂಭಿಸಿದರು. ಅವರು ಬಹಳ ವರ್ಷ ನೌಕಾಪಡೆಯ ಕೇಂದ್ರ ಕಚೇರಿಯಲ್ಲೇ ಇದ್ದವರಂತೆ. ಈ ಪಡೆಯ ಕೈಕೆಳಗೆ ಹಡಗುಗಳು ಮಾತ್ರವಲ್ಲ, ಜಲಾಂತರ್ಗಾಮಿಗಳು, ನೌಕಾಸೇನೆಯದೇ ವಿಮಾನಗಳು, ದಡದ ಮೇಲಿನ ಫಿರಂಗಿಗಳು, ಅಲ್ಲಲ್ಲಿ ನೆಲೆಗಳು. ಮೇಲೆ ಮೂರು ವಿಭಾಗ: ಹಡಗುಗಳನ್ನು ನಡೆಸುವುದು ಒಂದು, ಜನರ ಮನಸ್ಸನ್ನೂ ಶಿಸ್ತನ್ನೂ ನೋಡಿಕೊಳ್ಳುವುದು ಒಂದು, ಎಣ್ಣೆ ಅನ್ನ ಬಟ್ಟೆ ಒದಗಿಸುವುದು ಒಂದು. ನಾವಿಕರು ತಮ್ಮ ಎಲೆಕೋಸು ತಾವೇ ಬೆಳೆಯುತ್ತಾರೆ, ಹಂದಿ ಸಾಕುತ್ತಾರೆ ಎಂಬುದನ್ನು ಅವರು ಫಿರಂಗಿಗಳಿಗಿಂತ ಹೆಚ್ಚು ಹೆಮ್ಮೆಯಿಂದ ಹೇಳಿದರು. ಇನ್ನು ಮೇಲಿನಿಂದ ಕೆಳಗಿನವರೆಗೆ, ಇಡೀ ಪಡೆಗೂ ಒಂದೊಂದು ದೊಡ್ಡ ಹಡಗಿಗೂ, ಇಬ್ಬರು ಮುಖ್ಯಸ್ಥರು. ಕಮಾಂಡರ್ ಒಬ್ಬ, ಜೆಂಗ್‌ವೇ ಒಬ್ಬ. ಇಬ್ಬರೂ ಸಮ. ಇಬ್ಬರ ಸಹಿ ಇಲ್ಲದೆ ಆದೇಶ ಹೊರಡುವುದಿಲ್ಲ.

ನಾನು ಕೈ ಎತ್ತಿದೆ. ಶಾಲಿನ ಅವಮಾನ ತೊಳೆಯಲು ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಶತ್ರುವಿನ ಹಡಗು ಕಂಡಾಗ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಎಂದರೆ ಏನಾಗುತ್ತದೆ? ಎರಡು ತಲೆಯ ಹಡಗು ಮುಳುಗುವುದಿಲ್ಲವೇ? ಒಬ್ಬನ ಮೇಲೆ ನಂಬಿಕೆ ಇಲ್ಲದ್ದಕ್ಕೇ ಅಲ್ಲವೇ ಇನ್ನೊಬ್ಬನನ್ನು ಪಕ್ಕದಲ್ಲಿ ಕೂರಿಸಿರುವುದು? ಲಿನ್ ಮೊದಲ ಎರಡನ್ನು ಅನುವಾದಿಸಿದಳು. ಮೂರನೆಯದಕ್ಕೆ ಕೆಮ್ಮಿದಳು.

ಯುದ್ಧದ ಹೊತ್ತಿನಲ್ಲಿ ಕ್ಯಾಪ್ಟನ್ ಒಬ್ಬನೇ ತೀರ್ಮಾನಿಸಬಹುದು ಎಂದರು ಜೆಂಗ್‌ವೇ. ಆಮೇಲೆ ಹಡಗಿನ ಪಕ್ಷದ ಸಮಿತಿಗೆ ಉತ್ತರ ಹೇಳಬೇಕು. ನಾನು ಬಿಡದೆ, ಆ ತೀರ್ಮಾನ ತಪ್ಪಾದರೆ ಎಂದು ಕೇಳಿದೆ. ಅವರು ಕಪ್ಪಿನ ಮುಚ್ಚಳ ತಿರುಗಿಸುತ್ತ ಒಂದೇ ವಾಕ್ಯ ಹೇಳಿದರು. ಲಿನ್ ಅದನ್ನು ನಿಧಾನವಾಗಿ ಇಂಗ್ಲಿಷಿಗೆ ತಂದಳು.

"ತಪ್ಪಿನ ಕೆಳಗೂ ಇಬ್ಬರ ಹೆಸರು ಇರುತ್ತದೆ."

ಸುಂದರವಾದ ಮಾತು, ಆದರೆ ಉತ್ತರವಲ್ಲ ಎಂದು ನಾನು ಇನ್ನೂ ಬಾಯಿ ತೆರೆಯುತ್ತಿದ್ದೆ. ವಾಸು ಎದ್ದ. ನಮ್ಮ ಹೋಟೆಲೂ ಹೀಗೆಯೇ ಎಂದ. ಗಲ್ಲಾದಲ್ಲಿ ಅಪ್ಪ, ಒಳಗೆ ಅಡುಗೆಯ ಭಟ್ಟರು, ಹಿಂದೆ ಉಗ್ರಾಣ. ಹೊರಗಿನವರಿಗೆ ಅಪ್ಪನೇ ಯಜಮಾನ. ಭಟ್ಟರು ಇವತ್ತು ಇಡ್ಲಿ ಇಲ್ಲ ಅಂದರೆ ಅಪ್ಪ ಏನೂ ಮಾಡುವ ಹಾಗಿಲ್ಲ. ಸಾಂಬಾರು ಕೆಟ್ಟರೆ ಗಿರಾಕಿ ಬೈಯುವುದು ಅಪ್ಪನಿಗೆ. ಅಪ್ಪ ಒಂದು ದಿನವೂ ಅದು ಭಟ್ಟರ ತಪ್ಪು ಎಂದು ಹೇಳಿದ್ದಿಲ್ಲ.

ಲಿನ್ ಅನುವಾದಿಸುತ್ತ ಅರ್ಧದಲ್ಲೇ ನಕ್ಕಳು. ಗಿಡ್ಡ ಕ್ಯಾಪ್ಟನ್ ಜೆಂಗ್‌ವೇ ಕಡೆ ಬೆರಳು ತೋರಿಸಿ ಏನೋ ಕೇಳಿದ. ಲಿನ್ ಹೇಳಿದಳು: "ಹಾಗಾದರೆ ಇವರು ನನ್ನ ಭಟ್ಟರು ಅಲ್ಲವೇ, ಎಂದು ಕೇಳುತ್ತಿದ್ದಾರೆ." ಶಾಲು ಹೊದ್ದ ಡಾಕ್ಟರೂ ನಕ್ಕರು. ಆಮೇಲೆ ಹಡಗಿನ ಅಟ್ಟದ ಮೇಲೆ ನಡೆಯುವಾಗ ಜೆಂಗ್‌ವೇ ವಾಸುವಿನ ಹೆಗಲ ಮೇಲೆ ಕೈಯಿಟ್ಟಿದ್ದರು. ಫಿರಂಗಿಯ ಹತ್ತಿರ ನಿಂತು ಅವರಿಬ್ಬರು ಮಾತಾಡಿದ್ದು, ಒಂದು ಹಡಗಿಗೆ ಒಪ್ಪೊತ್ತಿಗೆ ಎಷ್ಟು ಅಕ್ಕಿ ಬೇಕು ಎಂಬುದರ ಬಗ್ಗೆ. ನಾನು ಹಿಂದೆ ನಡೆಯುತ್ತ ಎರಡು ತಲೆಯ ಹಡಗಿನ ವಾದವನ್ನು ಮನಸ್ಸಿನಲ್ಲೇ ಗೆಲ್ಲುತ್ತಿದ್ದೆ. ಈಗಲೂ ಆ ವಾದ ನನ್ನ ಕಡೆಗೇ ಇದೆ ಎಂದು ನಂಬುತ್ತೇನೆ. ಆದರೆ ಮತ ಹಾಕುವವರು ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

ಅತಿಥಿಗೃಹ

ಮಧ್ಯಾಹ್ನ ಸಾರ್ ನನ್ನನ್ನು ಕರೆದರು. ಅತಿಥಿಗೃಹದ ವರಾಂಡದಲ್ಲಿ ಬೆತ್ತದ ಕುರ್ಚಿ, ಎದುರಿಗೆ ಸಮುದ್ರ. ನೀನು ಚೆನ್ನಾಗಿಯೇ ವಾದಿಸಿದೆ ಎಂದು ಶುರುಮಾಡಿದರು. ಹಾಗೆ ಶುರುಮಾಡುವವರು ಎಲ್ಲಿ ಮುಗಿಸುತ್ತಾರೆ ಎಂದು ನನಗೆ ಗೊತ್ತು. ನಾವು ಅತಿಥಿಗಳಾಗಿ ಬಂದಿದ್ದೇವೆ, ಕಪ್ಪು ಗೆಲ್ಲಲಿಕ್ಕೆ ಬಂದಿಲ್ಲ ಎಂದರು. "ಕೊಂಜಂ ಪೊರುಮೆ ವೇಣುಂ, ಮಾ" ಎಂದು ತಮಿಳಿನಲ್ಲಿ, ಸ್ವಲ್ಪ ತಾಳ್ಮೆ ಬೇಕು ಎಂಬ ಆ ಮಾತನ್ನು ತಾಳ್ಮೆಯಿಂದಲೇ ಹೇಳಿದರು. ಕೊನೆಗೆ, ನಾಳೆ ವಾಸುದೇವ ಮಾತಾಡಲಿ.

ಬೆಸೆಂಟ್ ನಗರದ ಅಲೆಗಳಿಗೆ ಅಷ್ಟು ಸಲ ಒಪ್ಪಿಸಿದ ಭಾಷಣ ನನ್ನ ಬಳಿಯೇ ಉಳಿಯಿತು. ಸರಿ ಸಾರ್ ಅಂದೆ.

ಮರುದಿನ ಬೆಳಿಗ್ಗೆ ವಾಸು ಬಂದ. ಕೈಯಲ್ಲಿ ಎರಡು ಲೋಟ ಕಾಫಿ. ಅತಿಥಿಗೃಹದ ಅಡುಗೆಯವರನ್ನು ಒಲಿಸಿಕೊಂಡು, ಹಿತ್ತಾಳೆಯ ಫಿಲ್ಟರಿಗೆ ಡಿಕಾಕ್ಷನ್ ಇಳಿಸಿ, ಹಾಲಿನ ಪುಡಿ ಕಲಸಿ ತಂದಿದ್ದ. ಹನ್ನೊಂದು ದಿನದ ಮೇಲೆ ಮೂಗಿಗೆ ಬಂದ ಆ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಅದಕ್ಕೂ ಅವನ ಮೇಲೆ ಸಿಟ್ಟು ಬಂತು.

"ಮಾರಾಯ್ತಿ, ನಂಗೆ ಶುರು ಮಾಡೂಕೆ ಬತ್ತಿಲ್ಲೆ. ಒಂದು ಶುರು ಬರ್ದ್ ಕೊಡ್," ಅಂದ. "ಮುಂದಿನದ್ದು ನಾ ಹ್ಯಾಂಗಾರೂ ಹೇಳ್ತೆ."

ನಿಜ. ಮೂರು ವರ್ಷ ಅವನಿಗೆ ಆರಂಭಿಸುವ ಅಗತ್ಯವೇ ಬಿದ್ದಿರಲಿಲ್ಲ. ಯಾರಾದರೂ ಏನಾದರೂ ಹೇಳಿದ ಮೇಲೆಯೇ ಅವನ ನಾಲಿಗೆ ಏಳುವುದು.

ನನ್ನ ಹತ್ತಿರ ಒಂದು ಶುರು ಇತ್ತು. ಮದ್ರಾಸಿನ ಸಮುದ್ರ ಪೂರ್ವಕ್ಕೆ ಮುಖಮಾಡಿದೆ, ನಿಮ್ಮದೂ ಪೂರ್ವಕ್ಕೇ, ನಾವಿಬ್ಬರೂ ಬೆಳಗಾದದ್ದನ್ನು ಮೊದಲು ನೋಡುವವರು ಎಂದು ಹೊರಡುವ ಶುರು. ಅದನ್ನು ಕೊಡಬಹುದಿತ್ತು. ನಾನು ಬೇರೆ ಹಾಳೆ ತೆಗೆದುಕೊಂಡೆ. ಎರಡು ಪುರಾತನ ನಾಗರಿಕತೆಗಳು, ಸಾವಿರಾರು ವರ್ಷಗಳ ಅವಿಚ್ಛಿನ್ನ ಮೈತ್ರಿ, ಹಿಮಾಲಯದಷ್ಟು ಎತ್ತರ, ಸಾಗರದಷ್ಟು ಆಳ. ಪ್ರತಿ ಊರಿನಲ್ಲೂ ಪ್ರತಿ ತಂಡವೂ ಹೇಳಿ ಹೋಗುವ ಮಾತುಗಳು. ಕೇಳಿದವರ ಕಣ್ಣಿನ ಬೆಳಕು ಎಷ್ಟನೆಯ ವಾಕ್ಯಕ್ಕೆ ಆರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕಾಗಿಯೇ ಬರೆದೆ. ಒಂದು ಪುಟ ತುಂಬ, ಅಂದವಾದ ಅಕ್ಷರದಲ್ಲಿ.

ವಾಸು ನಿಂತುಕೊಂಡೇ ಓದಿದ. ಎರಡು ಸಲ ಓದಿದ. ನನ್ನ ಮುಖ ನೋಡಿದ. ನಾನು ಕಾಫಿ ಕುಡಿಯುತ್ತಿದ್ದೆ. ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದ.

ಬೀಳ್ಕೊಡುಗೆ

ದುಂಡು ಮೇಜುಗಳು, ತಿರುಗುವ ತಟ್ಟೆಗಳು, ಕೆಂಪು ಬಟ್ಟೆಯ ಮೇಲೆ ಚಿನ್ನದ ಅಕ್ಷರಗಳು. ಊರಿನ ಯುವಜನ ಸಂಘದವರು, ಹಡಗಿನ ಕ್ಯಾಪ್ಟನ್, ಜೆಂಗ್‌ವೇ. ಡಾಕ್ಟರೂ ಬಂದಿದ್ದರು, ಶಾಲನ್ನು ಅಚ್ಚುಕಟ್ಟಾಗಿ ಮಡಚಿ ತೋಳಿನ ಮೇಲೆ ಹಾಕಿಕೊಂಡು. ಭಾರತದವರ ಮುಂದೆ ಅದನ್ನು ಬಿಟ್ಟುಬರಬಾರದು ಎಂದು ಯಾರೋ ಅವರಿಗೆ ಹೇಳಿದ್ದಿರಬೇಕು.

ವಾಸು ಎದ್ದು ನಿಂತು ನನ್ನ ಹಾಳೆ ಬಿಚ್ಚಿದ. ನಾನು ಅಂದುಕೊಂಡ ಹಾಗೆಯೇ ಆಯಿತು. ನಾಗರಿಕತೆಗಳ ಹತ್ತಿರ ಲಿನ್‌ಳ ದನಿ ರೈಲ್ವೆ ಪ್ರಕಟಣೆಯಾಯಿತು. ಹಿಮಾಲಯದ ಹೊತ್ತಿಗೆ ಕ್ಯಾಪ್ಟನ್ ತಟ್ಟೆಯ ಕಡಲೆಕಾಯಿ ನೋಡುತ್ತಿದ್ದ. ಸಾಗರದ ಆಳಕ್ಕೆ ಬಂದಾಗ ಮುಗಿಯಿತೆಂದು ತಿಳಿದ ಯಾರೋ ಚಪ್ಪಾಳೆ ತಟ್ಟಿ, ಎಲ್ಲರೂ ತಟ್ಟಿ, ವಾಸುವೂ ತಿರುಗಿ ತಟ್ಟಬೇಕಾಯಿತು. ಸಾರ್ ಕನ್ನಡಕ ತೆಗೆದು ಒರೆಸಿದರು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ನೀರು ಕುಡಿದಷ್ಟು ಹೊತ್ತು.

ವಾಸು ಹಾಳೆ ಮಡಚಿ ಮತ್ತೆ ಜೇಬಿಗಿಟ್ಟ. ತಾನು ಹೋಟೆಲಿನವನ ಮಗ ಎಂದು ಶುರುಮಾಡಿದ. ಭುಜದ ಮೇಲೆ ಪಟ್ಟಿ ಇಲ್ಲದ ಹಡಗಿನಲ್ಲಿ ಯಾರಿಗೆ ಮೊದಲು ಕೈಮುಗಿಯಬೇಕೋ ಎಂದು ಹೆದರಿದ್ದೆ, ಆಗ ಒಬ್ಬ ಹಿರಿಯರು ನೀರು ತಂದರು ಎಂದ. ನಮ್ಮಲ್ಲಿ ಮನೆಯ ಯಜಮಾನನನ್ನು ಗುರುತಿಸುವುದು ಹಾಗೆ ಎಂದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ:

"ನನ್ನ ಜೊತೆಗಾತಿ ಶಾಲನ್ನು ತಪ್ಪು ಹೆಗಲಿಗೆ ಹೊದಿಸಿದಳು ಎಂದು ನಿನ್ನೆಯಿಂದ ಸಂಕಟಪಡುತ್ತಿದ್ದಾಳೆ. ಯಾರೂ ಮೇಲಲ್ಲದ ಹಡಗಿನಲ್ಲಿ ತಪ್ಪು ಹೆಗಲು ಯಾವುದು?"

ಲಿನ್ ಅದನ್ನು ಚೀನೀ ಭಾಷೆಗೆ ತಂದ ಕ್ಷಣ ಡಾಕ್ಟರು ಎದ್ದು ನಿಂತು, ಶಾಲನ್ನು ಬಿಚ್ಚಿ ಹೊದ್ದುಕೊಂಡು, ನನಗೆ ಕೈಮುಗಿದರು. ಮೇಜುಗಳೆಲ್ಲ ಚಪ್ಪಾಳೆ. ಜೆಂಗ್‌ವೇ ಕಣ್ಣೊರೆಸಿಕೊಂಡು ನಗುತ್ತಿದ್ದರು.

ನನ್ನ ಒಳಗೆ ಏನಾಯಿತು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು, ಈ ಮಾತು ನನಗೆ ಯಾಕೆ ಹೊಳೆಯಲಿಲ್ಲ ಎಂಬ ಉರಿ. ಅದು ಸುಳ್ಳು ವಾದ, ಜೇಬು ಎಣಿಸಿದರೆ ಯಾರು ಮೇಲೆ ಯಾರು ಕೆಳಗೆ ಎಂದು ಗೊತ್ತಾಗುತ್ತದೆ ಎಂಬುದು ಎರಡನೆಯದು. ತನ್ನನ್ನು ಕೆಡವಲು ಬರೆದುಕೊಟ್ಟವಳ ತಪ್ಪನ್ನೇ ಅವನು ಎತ್ತಿ ನಿಲ್ಲಿಸಿದ ಎಂಬುದು ಮೂರನೆಯದಾಗಿ ಬಂದು, ಮೊದಲೆರಡನ್ನೂ ನೂಕಿ ಕೂತಿತು.

ಊಟದ ನಡುವೆ ಸಾರ್ ನಮ್ಮ ಮೇಜಿಗೆ ಬಂದರು. ಕೊನೆ ಬಹಳ ಚೆನ್ನಾಗಿತ್ತು ಎಂದು ವಾಸುವಿನ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ಅರ್ಧ ಕಣ್ಣಿಟ್ಟು ಇಂಗ್ಲಿಷಿನಲ್ಲಿ ಕೇಳಿದರು: "ಆ ಆರಂಭ ಯಾರು ಬರೆದದ್ದಪ್ಪಾ?"

ನಾನು ಚಾಪ್‌ಸ್ಟಿಕ್ ಕೆಳಗಿಟ್ಟೆ. ಹೇಳುವಷ್ಟರಲ್ಲಿ ವಾಸು ಹೇಳಿಬಿಟ್ಟಿದ್ದ.

"ಇಬ್ರೂ ಸೇರಿ, ಸಾರ್."

ಪಕ್ಕದ ಮೇಜಿನಿಂದ ಜೆಂಗ್‌ವೇ, ಏನು ಸಮಾಚಾರ ಎಂದು ಲಿನ್‌ಳನ್ನು ವಿಚಾರಿಸಿದರು. ಅವಳು ಹೇಳಿದಳು. ಅವರು ವಾಸುವನ್ನು ನೋಡಲಿಲ್ಲ. ನನ್ನನ್ನು ನೋಡಿ ತಲೆಯಾಡಿಸಿದರು, ಆದೇಶದ ಕೆಳಗೆ ಎರಡನೆಯ ಸಹಿ ಎಲ್ಲಿದೆ ಎಂದು ಹುಡುಕುವವರ ಹಾಗೆ.

ನಾನು, ಮೂರು ವರ್ಷ ಪ್ರತಿ ಮಾತಿಗೂ ಮೊದಲು ಎದ್ದವಳು, ಆ ಒಂದು ಸಲ ಏಳಲಿಲ್ಲ.

ಮತ್ತೆ ಎಗ್ಮೋರ್

ಈ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಅದರ ಪ್ರತಿ ಹಿಡಿದು ಎಗ್ಮೋರಿಗೆ ಹೋದೆ. ಬರೆದವಳು ನಾನೊಬ್ಬಳೇ, ಆದರೆ ಇದರಲ್ಲಿ ಒಂದು ತಪ್ಪು ಇದೆ, ಅದರ ಕೆಳಗೆ ಒಂದು ವರ್ಷದಿಂದ ಅವನ ಹೆಸರು ಇದೆ. ಅದನ್ನು ಅಳಿಸಬೇಕಿತ್ತು.

ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ವಾಸುವಿನ ಅಪ್ಪ ಊರಿಗೆ ಹೋಗಿದ್ದರಿಂದ ಗಲ್ಲಾದಲ್ಲಿ ಅವನೇ ಕೂತಿದ್ದ. ಒಂದು ಮೇಜಿಗೆ ನನ್ನನ್ನು ಕೂರಿಸಿ, ಹಾಳೆಗಳನ್ನು ತೆಗೆದುಕೊಂಡು ಹೋಗಿ, ಗಲ್ಲಾದ ಹಿಂದೆ ನಿಂತೇ ಓದಿದ. ಮಹಾಗೋಡೆಯ ಹತ್ತಿರ ನಕ್ಕ. ಜ್ವರದ ಹತ್ತಿರ ತಲೆ ಚಚ್ಚಿಕೊಂಡ. ಅತಿಥಿಗೃಹದ ಪುಟಕ್ಕೆ ಬಂದಾಗ ಅವನ ಮುಖ ನೋಡಲಾಗದೆ ನಾನು ಗೋಡೆಯ ಮೇಲಿನ ತಿಂಡಿಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ.

ಎಲ್ಲ ಮುಗಿಸಿ, ಹಾಳೆಗಳನ್ನು ಒಪ್ಪವಾಗಿ ಜೋಡಿಸಿ, ನನ್ನ ಮುಂದೆ ತಂದಿಟ್ಟ.

"ಶುರು ಲಾಯ್ಕ್ ಇತ್ತ್," ಅಂದ.

ಕುಂದಾಪುರದ ವ್ಯಾಕರಣದಲ್ಲಿ ಅದರ ಅರ್ಥ, ಈ ಶುರು ಚೆನ್ನಾಗಿದೆ. ಧಾರವಾಡದ ಕಿವಿಗೆ, ಆ ಶುರು ಚೆನ್ನಾಗಿತ್ತು. ನಾನು ಹೇಗೆ ಕೇಳಿಸಿಕೊಳ್ಳುತ್ತೇನೆ ಎಂಬುದು ನನ್ನಷ್ಟೇ ಚೆನ್ನಾಗಿ ಅವನಿಗೂ ಗೊತ್ತು. ಯಾವ ಶುರು ಎಂದು ಕೇಳಬೇಕಿತ್ತು. ಮುಖ ಎತ್ತಿದರೆ ಅವನು ಅಲ್ಲಿರಲಿಲ್ಲ.

ಸಪ್ಲೈಯರ್‌ಗಳು ಮೂರು ಜನ, ಕೆಲಸವಿಲ್ಲದೆ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ನನ್ನ ಕಾಫಿಯನ್ನು ವಾಸುವೇ ತಂದ.